ಅಕ್ಷರ ಚಲೋ ಇದೆಯಂತೆ

ಹೋದ ತಿಂಗಳು ಒಂದು ಶನಿವಾರ ಸಂಜೆ ನಾನು ಕೆಲಸ ಮಾಡುವ ಸಹಕಾರಿ ಸೊಸೈಟಿಯ ಅಟೆಂಡರ್ ತನ್ನ ಭಾವನನ್ನು ಕರೆದುಕೊಂಡು ಶಿರಸಿಯ ನಮ್ಮ ಮನೆಗೆ ಬಂದ. ಭಾವ ಕುಮಟಾ ಕಡೆಯವರು. ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ ಬಂದ ಸುಸ್ತು ಮುಖದಲ್ಲಿ ಕಾಣುತ್ತಿತ್ತು. ಜಗಲಿಯ ತುದಿಯಲ್ಲಿ ಕೂತವರು ಪ್ಲಾಸ್ಟಿಕ್ ಚೀಲದಿಂದ ಒಂದು ಬಾಂಡ್ ಪೇಪರ್ ತೆಗೆದು, ಸುಕ್ಕಾಗದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡರು. ಅವರ ತಮ್ಮ ಚಿರೇಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದನಂತೆ. ಕಲ್ಲು ಕೊಯ್ಯುವ ಮಷಿನ್ ಪಾದದ ಮೇಲೆ ಹೋಗಿದೆ. ಕ್ವಾರಿಯವರು ಆಸ್ಪತ್ರೆ ಖರ್ಚು ನೋಡಿಕೊಂಡಿದ್ದಾರೆ. ಇನ್ನು ಇಪ್ಪತ್ತೈದು ಸಾವಿರ ಕೊಡುತ್ತಾರಂತೆ, ಆದರೆ ಅದಕ್ಕೊಂದು ಪೇಪರ್ ಆಗಬೇಕಂತೆ. "ನಿಮ್ಮ ಅಕ್ಷರ ಚಲೋ ಇದೆಯಂತೆ, ಒಂದು ಬರೆದುಕೊಟ್ರೆ ಉಪಕಾರ ಆಗ್ತಿತ್ತು" ಅಂದರು.

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಅವರು ನಾಚಿಕೆಯಿಂದ ಅಂದುಕೊಂಡಿರಬೇಕು. ನಿಜ ಏನೆಂದರೆ ಇಂಥದ್ದೇ ಒಂದು ಪೇಪರನ್ನು ನಾನು ಈ ಮೊದಲು ಬರೆದಿದ್ದೇನೆ. ಅದನ್ನು ಬರೆದ ಕೈ ನನ್ನದು ಅಂತ ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಚಿಕ್ಕಿ, ಅಂದರೆ ಅಮ್ಮನ ತಂಗಿ, ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಒಂದು ಘಟಕದಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿದ್ದದ್ದು ಆರು ಹೆಂಗಸರು, ಮೂರು ಪ್ರೆಸ್ಸು, ಹಾಳೆ ನೆನೆಸುವ ಒಂದು ಸಿಮೆಂಟ್ ತೊಟ್ಟಿ. ನೆನೆದ ಹಾಳೆಯನ್ನು ಬಿಸಿ ಅಚ್ಚಿನ ಮೇಲೆ ಇಡಬೇಕು, ಪೆಡಲ್ ಒತ್ತಬೇಕು, ಮೇಲಿನ ಅಚ್ಚು ಬಂದು ಕೂರುತ್ತದೆ, ಉಗಿ ಹಾರುತ್ತದೆ, ತಟ್ಟೆ ತೆಗೆಯಬೇಕು. ದಿನಕ್ಕೆ ಎಷ್ಟು ಸಲ ಅಂತ ಎಣಿಸಿದವರಿಲ್ಲ. 2018ರ ನವೆಂಬರ್‌ನಲ್ಲಿ ಒಂದು ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಅಂಚಿನಲ್ಲಿ ಮಡಚಿಕೊಂಡ ಹಾಳೆಯನ್ನು ಸರಿಮಾಡಲು ಅವಳು ಕೈ ಒಳಗೆ ಹಾಕಿದಾಗ ಅಚ್ಚು ಇಳಿಯಿತು. ಬಲಗೈಯ ಮೂರು ಬೆರಳು. ತೋರು, ನಡು, ಉಂಗುರ. ಜಜ್ಜಿಯೂ ಹೋದವು, ಬೆಂದೂ ಹೋದವು. ಶಿರಸಿಯಲ್ಲಿ ಬ್ಯಾಂಡೇಜ್ ಕಟ್ಟಿ ಹುಬ್ಬಳ್ಳಿಗೆ ಕಳಿಸಿದರು. ಉಳಿಸಲಿಕ್ಕೆ ಆಗಲಿಲ್ಲ.

ಘಟಕದ ಮಾಲೀಕರನ್ನು, ಅಂದರೆ ನಮ್ಮ ಸಾವ್ಕಾರ್ರನ್ನು, ಖಳನಾಯಕ ಮಾಡಿ ಈ ಕಥೆ ಹೇಳಲು ನನಗೆ ಬರುವುದಿಲ್ಲ. ತಮ್ಮ ಓಮ್ನಿಯಲ್ಲಿ ಅವರೇ ಚಿಕ್ಕಿಯನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಓಡಿಸಿದರು. ರಾತ್ರಿಯಿಡೀ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಆಪರೇಷನ್ನಿನ ಬಿಲ್ಲು ಕಟ್ಟಿದರು. ಘಟಕ ಹಾಕಲು ಬ್ಯಾಂಕಿನಿಂದ ಸಾಲ ಮಾಡಿದ್ದರು, ಅದರ ಕಂತು ಬೇರೆ. ಅವರ ಮನೆಯ ಚೌತಿಗೆ ನಾವು ಹೋಗುತ್ತೇವೆ, ನಮ್ಮ ಮನೆಯ ಮದುವೆಗೆ ಅವರು ಬರುತ್ತಾರೆ. ಇಂಥವರ ಮೇಲೆ ಕೇಸು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಬಂದಿದ್ದರೂ ಅಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಜಗಲಿಯ ಮೇಲೆ ಒಂದು ಬೆಳಿಗ್ಗೆ

2019ರ ಜನವರಿ. ಅವಲಕ್ಕಿ, ಚಾ ಆಯಿತು. ಸಾವ್ಕಾರ್ರು, ಅವರ ಮಗ, ಊರಿನ ಇಬ್ಬರು ಹಿರಿಯರು, ನಮ್ಮ ಅಪ್ಪ. ಚಿಕ್ಕಿ ಒಳಬಾಗಿಲಿನ ಹತ್ತಿರ ಕೈಗೆ ಸೆರಗು ಸುತ್ತಿಕೊಂಡು ನಿಂತಿದ್ದಳು. ಚಿಕ್ಕಪ್ಪ ಹೋಗಿ ಆಗಲೇ ಆರು ವರ್ಷ ಆಗಿತ್ತು, ಮಗಳು ಪಿಯುಸಿಯಲ್ಲಿದ್ದಳು. ಸಾವ್ಕಾರ್ರು ನಲವತ್ತು ಸಾವಿರ ರೂಪಾಯಿಯ ಕಟ್ಟನ್ನು ತಟ್ಟೆಯಲ್ಲಿ ಇಟ್ಟರು. ಅವರದೇ ಘಟಕದ ಹಾಳೆ ತಟ್ಟೆ. ಅದನ್ನು ಆಗ ಯಾರೂ ಗಮನಿಸಲಿಲ್ಲ, ನನಗೂ ಹೊಳೆದದ್ದು ಎಷ್ಟೋ ದಿನದ ಮೇಲೆ. "ನಾಳೆ ಯಾವ ಮಾತೂ ಬರಬಾರದು ನೋಡಿ, ಅದಕ್ಕೆ ಒಂದು ಕಾಗದ ಇದ್ದರೆ ಇಬ್ಬರಿಗೂ ಒಳ್ಳೇದು" ಅಂತ ಮಗ ಅಂದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಡಿಗ್ರಿ ಮುಗಿಸಿ ಸೊಸೈಟಿಗೆ ಸೇರಿ ಆರು ತಿಂಗಳಾಗಿತ್ತು. ಬಾಂಡ್ ಪೇಪರನ್ನು ನಮ್ಮ ಸೊಸೈಟಿಯಲ್ಲೇ ತೆಗೆದುಕೊಡುತ್ತಿದ್ದೆವು, ಕರಾರು ಪತ್ರಗಳ ಧಾಟಿ ನೋಡಿ ನೋಡಿ ಬಾಯಿಪಾಠ ಆಗಿತ್ತು.

ಖುಷಿಯಿಂದಲೇ ಬರೆದೆ. ಸುಳ್ಳು ಯಾಕೆ ಹೇಳಲಿ. ಅಷ್ಟು ದೊಡ್ಡವರ ನಡುವೆ ನಾನು ಬೇಕಾದವನಾಗಿದ್ದೆ. "ಈ ಮೂಲಕ ಬರೆದುಕೊಡುವ ಒಪ್ಪಿಗೆ ಪತ್ರ ಏನೆಂದರೆ" ಅಂತ ಶುರುಮಾಡಿ, ಯಾವ ಘಟಕ, ಎಷ್ಟು ವರ್ಷದ ಕೆಲಸ, ದಿನಗೂಲಿ ಎಷ್ಟು, ಯಾವ ದಿನ ಏನಾಯಿತು, ಎಲ್ಲವನ್ನೂ ವಿವರವಾಗಿ ಹಾಕಿದೆ. ಕೊನೆಗೆ ಸೊಗಸಾದ ಒಂದು ಸಾಲು: "ಇನ್ನು ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ ಈ ವಿಷಯವಾಗಿ ಯಾವುದೇ ತಕರಾರು, ಪರಿಹಾರ, ಹಕ್ಕು ಕೇಳತಕ್ಕದ್ದಲ್ಲ." ವಾರಸುದಾರರನ್ನು ಸೇರಿಸಲು ನನಗೆ ಯಾರೂ ಹೇಳಿರಲಿಲ್ಲ. ಪತ್ರಕ್ಕೆ ಗಟ್ಟಿತನ ಬರಲಿ ಅಂತ ನಾನೇ ಸೇರಿಸಿದ್ದು. ಹಿರಿಯರೊಬ್ಬರು ಓದಿ "ವಕೀಲರು ಬರೆದ ಹಾಗಿದೆ" ಅಂದರು. ಚಿಕ್ಕಿಯ ಬಲಗೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದಳು. ಏಳನೇ ಕ್ಲಾಸು ಓದಿದವಳು, ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದವಳು, ಹೆಬ್ಬೆಟ್ಟು ಒತ್ತಿ ಬೆರಳನ್ನು ಗೋಡೆಗೆ ಒರೆಸಿದಳು.

ಆ ಗೋಡೆಯ ಮೇಲೆ ಆ ಗುರುತು ಮುಂದಿನ ಸುಣ್ಣದ ತನಕ ಇತ್ತು.

ಗೊತ್ತಾದ ಮೇಲೂ ಸುಮ್ಮನಿದ್ದದ್ದು

2020ರ ಫೆಬ್ರವರಿಯಲ್ಲಿ ನಮ್ಮ ಸೊಸೈಟಿಯ ಸಭಾಭವನದಲ್ಲಿ ಕಾನೂನು ಅರಿವು ಶಿಬಿರ ಇತ್ತು. ತಾಲೂಕು ಕಾನೂನು ಸೇವಾ ಸಮಿತಿಯವರದ್ದು. ಇಂಥ ಶಿಬಿರ ಅಂದರೆ ನಮಗೆ ಕುರ್ಚಿ ಹಾಕುವ ಕೆಲಸ, ಚಾ ಹಂಚುವ ಕೆಲಸ. ಹಿಂದೆ ನಿಂತು ಲೋಟ ಎಣಿಸುತ್ತಿದ್ದೆ. ಪ್ಯಾನೆಲ್ ವಕೀಲೆಯೊಬ್ಬರು ಮಾತಾಡುತ್ತಿದ್ದರು. ಕೆಲಸದಲ್ಲಿ ಪೆಟ್ಟಾದರೆ 1923ರ ಒಂದು ಕಾಯಿದೆ ಇದೆ, ಮೊದಲು ಅದನ್ನು ವರ್ಕ್‌ಮೆನ್ಸ್ ಕಾಂಪೆನ್ಸೇಶನ್ ಅನ್ನುತ್ತಿದ್ದರು, 2010ರಿಂದ ನೌಕರರ ಪರಿಹಾರ ಕಾಯಿದೆ ಅಂತ ಹೆಸರು ಬದಲಾಗಿದೆ ಅಂತೆಲ್ಲ. ಆಮೇಲೆ ಒಂದು ಮಾತು ಹೇಳಿದರು. "ಪರಿಹಾರ ಕೇಳೋದಿಲ್ಲ ಅಂತ ಕೆಲಸಗಾರ ಏನೇ ಬರೆದುಕೊಟ್ಟಿರಲಿ, ಎಷ್ಟು ರೂಪಾಯಿ ಬಾಂಡ್ ಮೇಲಾದರೂ ಇರಲಿ, ಕಾಯಿದೆಯ 17ನೇ ಕಲಮಿನ ಪ್ರಕಾರ ಅದಕ್ಕೆ ಬೆಲೆ ಇಲ್ಲ."

ನನ್ನ ಕೈಯಲ್ಲಿದ್ದ ಲೋಟಗಳ ಲೆಕ್ಕ ತಪ್ಪಿತು.

ಹಾಗಂತ ಅವತ್ತೇ ಓಡಿಹೋಗಿ ಚಿಕ್ಕಿಗೆ ಹೇಳಿದೆನಾ? ಇಲ್ಲ. ಲಾಕ್‌ಡೌನ್ ಬಂತು, ಅದೊಂದು ನೆಪ ಆಯಿತು. ನಿಜವಾದ ಕಾರಣ ಬೇರೆ. ಹೇಳಿದರೆ ಸಾವ್ಕಾರ್ರ ಮನೆಯವರ ಮುಂದೆ ಮುಖ ತೋರಿಸುವುದು ಹೇಗೆ, ಅಪ್ಪ ಏನಂತಾರೆ, ನಾನೇ ಬರೆದದ್ದನ್ನು ನಾನೇ ಸುಳ್ಳು ಅನ್ನುವುದು ಹೇಗೆ. ನಮ್ಮ ಕಡೆ ದಾಕ್ಷಿಣ್ಯ ಅನ್ನುವುದು ದೊಡ್ಡ ಗುಣ. ಆ ವರ್ಷ ಅದರ ಇನ್ನೊಂದು ಮುಖವನ್ನು ನನ್ನೊಳಗೇ ನೋಡಿದೆ. ಚಿಕ್ಕಿಗೆ ಯಾರೂ ಬಲವಂತ ಮಾಡಿರಲಿಲ್ಲ, ಹೆದರಿಸಿರಲಿಲ್ಲ. ಎಲ್ಲರೂ ಒಳ್ಳೆಯವರಾಗಿ, ಚಾ ಕುಡಿದು, ನಗುನಗುತ್ತಾ ಅವಳ ಹಕ್ಕನ್ನು ಬರೆಸಿಕೊಂಡೆವು. "ಕೊಂಡರು" ಅಂತ ಬರೆದು, ಅಳಿಸಿ, "ಕೊಂಡೆವು" ಅಂತ ಮಾಡಿದ್ದೇನೆ.

ಆಗಸ್ಟ್‌ನಲ್ಲಿ ಒಂದು ದಿನ ಚಿಕ್ಕಿಯ ಮನೆಗೆ ಹೋದಾಗ ಅವಳು ತೆಂಗಿನಕಾಯಿ ತುರಿಯಲು ಒದ್ದಾಡುತ್ತಿದ್ದಳು. ಚಿಪ್ಪು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಜಾರಿ ಜಾರಿ ಹೋಗುತ್ತಿತ್ತು. ಅವಳ ಪಾಲಿಗೆ ಅದು ದಿನದ ಕಥೆ, ನಾನು ನೋಡಿದ್ದು ಮೊದಲ ಸಲ. ಅಲ್ಲೇ ಕೂತು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಕೇಳಿದ್ದು ಒಂದೇ: "ಹಂಗಾದ್ರೆ ನೀನು ಎಂತಕ್ಕೆ ಬರೆದೆ?"

ಮೇಡಂ ಕೇಳಿದ ಪ್ರಶ್ನೆ

ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೋಣೆ ಇದೆ. ಚಿಕ್ಕಿ ಬಿಪಿಎಲ್ ಕಾರ್ಡು, ಆದಾಯ ಪ್ರಮಾಣ ಪತ್ರ ಎಲ್ಲ ಹಿಡಿದುಕೊಂಡು ಬಂದಿದ್ದಳು. ಬೇಡ ಅಂದರು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾಯಿದೆಯಲ್ಲೇ ಹಾಗಿದೆ. ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು ಕೂಡ ಅದೇ ಪಟ್ಟಿಯಲ್ಲಿದ್ದಾರೆ. ಇದು ಗೊತ್ತಿಲ್ಲದೆ ಎಷ್ಟು ಜನ ಮೊದಲು ಏಜೆಂಟರ ಕೈಗೆ ಬೀಳುತ್ತಾರೋ. ಹುಬ್ಬಳ್ಳಿ ಆಸ್ಪತ್ರೆಯ ಹೊರಗೆ ಒಬ್ಬ ನನ್ನ ಹತ್ತಿರವೂ ಬಂದು "ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಕಾಲು ಭಾಗ ಕೊಡಿ ಸಾಕು" ಅಂದಿದ್ದ. ಬರುವ ಹಣದಲ್ಲಿ ಪಾಲು ಕೇಳುವುದು ವಕೀಲರಿಗೆ ಅವರ ಪರಿಷತ್ತಿನ ನಿಯಮದ ಪ್ರಕಾರ ನಿಷಿದ್ಧ. ಆಗ ಅದೂ ಗೊತ್ತಿರಲಿಲ್ಲ.

ನಮಗೆ ಸಿಕ್ಕಿದ್ದು ಶಿಬಿರದಲ್ಲಿ ಮಾತಾಡಿದ ವಕೀಲೆಯೇ. ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು. ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು ಓದಿ ಹುಬ್ಬು ಗಂಟಿಕ್ಕಿದರು. ಪೆಟ್ಟಾದ ಕಾರಣದ ಜಾಗದಲ್ಲಿ "ಮನೆಯಲ್ಲಿ ಗ್ರೈಂಡರ್‌ಗೆ ಕೈ ಸಿಕ್ಕಿ" ಅಂತ ಇತ್ತು. ಆ ದಿನ ಜೊತೆಗೆ ಹೋಗಿದ್ದ ಸಾವ್ಕಾರ್ರ ಮಗ ಪೊಲೀಸು ಗಿಲೀಸು ಬೇಡ ಅಂತ ಹಾಗೆ ಹೇಳಿರಬೇಕು. ಅಲ್ಲಿಯವರು ಹೇಳಿದ್ದನ್ನು ಬರೆದುಕೊಂಡಿದ್ದಾರೆ. ನಾವಂತೂ ಅಲ್ಲಿಯವರೆಗೆ ಅದನ್ನು ಓದಿಯೇ ಇರಲಿಲ್ಲ. ಪೊಲೀಸ್ ದೂರು ಇಲ್ಲ, ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ, ಸರ್ಕಾರದ ಇಎಸ್‌ಐ ವಿಮೆ ಇಲ್ಲ. ಆರೇ ಜನರ ಘಟಕ, ಇಎಸ್‌ಐಗೆ ಹತ್ತು ಜನರಾದರೂ ಬೇಕು. "ಇವರು ಅಲ್ಲಿ ಕೆಲಸಕ್ಕಿದ್ದರು ಅಂತ ತೋರಿಸೋದು ಹೇಗೆ?" ಅಂತ ಮೇಡಂ ತಮಗೇ ಎಂಬಂತೆ ಕೇಳಿಕೊಂಡರು.

ಆಮೇಲೆ ನನ್ನ ಪತ್ರ ಅವರ ಕೈಗೆ ಬಂತು. ಅದರ ಜೆರಾಕ್ಸ್ ಚಿಕ್ಕಿ ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟಿದ್ದಳು. ಓದಿದರು. ಇನ್ನೊಂದು ಸಲ ಓದಿದರು.

"ಇದನ್ನ ಬರೆದವರು ಯಾರು?"

ನೆಲ ನೋಡುತ್ತಾ "ನಾನೇ ಮೇಡಂ" ಅಂದೆ.

"ಅಕ್ಷರ ಚೆನ್ನಾಗಿದೆ" ಅಂದವರು ಪೆನ್ಸಿಲಿನಿಂದ ಕೊನೆಯ ಸಾಲಿನ ಮೇಲೆ ಒಂದು ಗೆರೆ ಎಳೆದರು. "ಇದು ಕಸ. ಆದರೆ ಇದು ನೋಡಿ" ಅಂತ ಮೇಲಿನ ಪ್ಯಾರಾ ಗಟ್ಟಿಯಾಗಿ ಓದಿದರು. "ತಮ್ಮ ಹಾಳೆ ತಟ್ಟೆ ಘಟಕದಲ್ಲಿ ದಿನಗೂಲಿ 250 ರೂಪಾಯಿಯಂತೆ ಮೂರು ವರ್ಷಗಳಿಂದ ಕೆಲಸ ಮಾಡಿಕೊಂಡಿದ್ದು, ಕೆಲಸದಲ್ಲಿರುವಾಗ ಪ್ರೆಸ್ ಯಂತ್ರಕ್ಕೆ ಬಲಗೈ ಸಿಕ್ಕಿ... ಕೆಳಗೆ ಮಾಲೀಕರ ಸಹಿ ಇದೆ, ಇಬ್ಬರು ಸಾಕ್ಷಿ ಸಹಿ ಇದೆ. ಇದಕ್ಕಿಂತ ಜಾಸ್ತಿ ಇನ್ನೇನು ಬೇಕು ನಮಗೆ?"

ಹಕ್ಕು ಬಿಡಿಸಲು ಬರೆದ ಕಾಗದವೇ ಹಕ್ಕಿಗೆ ಸಾಕ್ಷಿಯಾಗಿ ನಿಂತಿತು. ನನಗೆ ಹಗುರ ಆಯಿತು ಅಂತ ಹೇಳಬೇಕೇನೋ. ಆಗಲಿಲ್ಲ. ವಿವರ ಹಾಕಿದ್ದು ನ್ಯಾಯ ಬರಲಿ ಅಂತ ಅಲ್ಲವಲ್ಲ, ಚೆಂದ ಕಾಣಲಿ ಅಂತ.

ಕೂಲಿಗೆ ಬೇರೆ ಆಧಾರಗಳನ್ನೂ ಮೇಡಂ ಹುಡುಕಿಸಿದರು. ಗೋಡೆಯ ಮೇಲಿನ ಸೊಸೈಟಿ ಕ್ಯಾಲೆಂಡರಿನಲ್ಲಿ ಚಿಕ್ಕಿ ಕೆಲಸಕ್ಕೆ ಹೋದ ದಿನಕ್ಕೆಲ್ಲ ಸಣ್ಣ ಗೀಟು ಹಾಕುತ್ತಿದ್ದಳು, ತಿಂಗಳಿಗೆ ಇಪ್ಪತ್ತಾರರ ಆಸುಪಾಸು. ಹಳೇ ಕ್ಯಾಲೆಂಡರನ್ನು ಪುಸ್ತಕಕ್ಕೆ ಬೈಂಡು ಹಾಕಲು ಮಗಳು ಅರ್ಧ ಹರಿದಿದ್ದಳು, ಉಳಿದರ್ಧ ಸಿಕ್ಕಿತು. ಸ್ವಸಹಾಯ ಸಂಘದ ಪುಸ್ತಕದಲ್ಲಿ ವಾರವಾರ ಕಟ್ಟಿದ ಉಳಿತಾಯ ಇತ್ತು. ಜೊತೆ ಕೆಲಸದವರು ಸಾಕ್ಷಿ ಹೇಳಲು ಒಪ್ಪಲಿಲ್ಲ. "ನಾಳಿಂದ ನಮ್ಮನ್ನ ಕರೀತ್ರ?" ಅಂದರು. ಅವರನ್ನು ದೂರುವ ಧೈರ್ಯ ನನಗಿಲ್ಲ.

ಅರ್ಜಿ ಹಾಕಿದ್ದು 2020ರ ಅಕ್ಟೋಬರ್‌ನಲ್ಲಿ. ಪೆಟ್ಟಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು ಅನ್ನುವುದು ಆ ಕಾಯಿದೆಯ ಲೆಕ್ಕವಾಗಿತ್ತು, ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸಬಹುದಿತ್ತು. ನಾನು ಇನ್ನೂ ಎರಡು ತಿಂಗಳು ಮುಖ ಉಳಿಸಿಕೊಳ್ಳಲು ಕೂತಿದ್ದರೆ ಆ ಕಾರಣವನ್ನೂ ನಾನೇ ಬರೆದುಕೊಡಬೇಕಾಗುತ್ತಿತ್ತು. ಕಾರವಾರದ ತನಕ ಅಲೆಯಬೇಕೇನೋ ಅಂತ ಹೆದರಿದ್ದೆವು, ಬೇಕಾಗಲಿಲ್ಲ. ಶಿರಸಿಯ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಇಂಥ ಅರ್ಜಿ ನಡೆಸುತ್ತಿದ್ದರು. ಕೆಲಸಗಾರ ತಾನು ವಾಸ ಇರುವ ಊರಿನ ಆಯುಕ್ತರ ಮುಂದೆಯೇ ಅರ್ಜಿ ಹಾಕಬಹುದಿತ್ತು, ಪೆಟ್ಟಾದದ್ದು ಬೇರೆ ಕಡೆ ಇದ್ದರೂ. ಗೋವಾಕ್ಕೆ, ಮಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಜಿಲ್ಲೆಯ ಹುಡುಗರಿಗೆ ಇದು ಎಷ್ಟು ಮುಖ್ಯ ಅಂತ ಆಮೇಲೆ ಅನಿಸಿತು.

ಮೂರು ಬೆರಳಿನ ಲೆಕ್ಕ

ಆ ಕಾಯಿದೆಯ ಹಿಂದೆ ಒಂದು ಪಟ್ಟಿ ಇತ್ತು. ದೇಹದ ಬೆಲೆಪಟ್ಟಿ ಅನ್ನಬಹುದು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ಶೇಕಡಾ 30 ಹೋದ ಹಾಗೆ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7. ಒಂದು ಕೈಯ ಮೂರು ಬೆರಳು ಹೋದರೆ 30. ನಾನು ಸೊಸೈಟಿಯವನು, ಕೂಡಿಸುವ ಚಟ. ಚಿಕ್ಕಿಯ ಮೂರು ಬೆರಳನ್ನು ಒಂದೊಂದಾಗಿ ಕೂಡಿಸಿದರೆ 33 ಆಗುತ್ತದೆ, ಒಟ್ಟಿಗೆ ಹೋದರೆ 30. ರಖಂ ವ್ಯಾಪಾರದ ರಿಯಾಯಿತಿ ಇದ್ದ ಹಾಗೆ. ಮೇಡಂ ನಗಲಿಲ್ಲ. ಬಲಗೈ ಎಡಗೈ ಅನ್ನುವ ಭೇದವೂ ಪಟ್ಟಿಯಲ್ಲಿರಲಿಲ್ಲ.

ಲೆಕ್ಕ ಹೀಗೆ. ದಿನಕ್ಕೆ 250, ಇಪ್ಪತ್ತಾರು ದಿನ, ತಿಂಗಳಿಗೆ 6,500. ಅದರ ಶೇಕಡಾ 60 ಅಂದರೆ 3,900. ಅದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು, ನಲವತ್ತು ವರ್ಷಕ್ಕೆ ಅದು 184.17. ಬಂದದ್ದರಲ್ಲಿ ಶೇಕಡಾ 30. ಒಟ್ಟು 2,15,479 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ. ನಾನು ಆ ಜಗಲಿಯಲ್ಲಿ ನಲವತ್ತು ಸಾವಿರಕ್ಕೆ ಬರೆದುಕೊಟ್ಟದ್ದು ಇದನ್ನು. ಮೇಡಂ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದಾಗ ಮೊದಲು ನನಗೆ ಅದು ದೊಡ್ಡ ಮೊತ್ತ ಅನಿಸಿತು. ಮನೆಗೆ ಬರುವ ದಾರಿಯಲ್ಲಿ ತಲೆಯಲ್ಲೇ ಇನ್ನೊಂದು ಲೆಕ್ಕ ಶುರುವಾಯಿತು.

ಚಿಕ್ಕಿಯ ಗಳಿಕೆ ತಟ್ಟೆ ಒತ್ತುವುದು ಒಂದೇ ಆಗಿರಲಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಸಂಜೆ ಆರಕ್ಕೆ ಯಾರದಾದರೂ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯುತ್ತಿದ್ದಳು. ಡಬ್ಬಿ ಲೆಕ್ಕದಲ್ಲಿ ಕೂಲಿ. ಅವಳ ಕೈ ಎಷ್ಟು ಚುರುಕು ಅಂದರೆ ಪಕ್ಕದಲ್ಲಿ ಕೂತವರು ಕಥೆ ಹೇಳುತ್ತಾ ಒಂದು ಡಬ್ಬಿ ಮುಗಿಸುವ ಹೊತ್ತಿಗೆ ಇವಳದು ಎರಡನೆಯದು ಅರ್ಧ ತುಂಬಿರುತ್ತಿತ್ತು. ಮಗಳ ಶಾಲೆ, ಚೌತಿಯ ಸೀರೆ, ಔಷಧಿ ಎಲ್ಲ ಬಂದದ್ದು ಆ ಡಬ್ಬಿಗಳಿಂದ. ಸುಲಿಯುವ ಕೈಗೆ ಬೇಕಾದದ್ದು ಸರಿಯಾಗಿ ಆ ಮೂರು ಬೆರಳು. ಆದರೆ ಅಂಗಳದ ಅಡಿಕೆ ಈ ಅರ್ಜಿಯೊಳಗೆ ಬರುವುದಿಲ್ಲ, ಲೆಕ್ಕಕ್ಕೆ ಹಿಡಿಯುವುದು ಘಟಕದ ಕೂಲಿ ಮಾತ್ರ. ತೋಟದ ಕಳೆ, ಸೆಗಣಿ ಬಾಚುವುದು, ಹಬ್ಬದ ಅಡುಗೆಗೆ ಕರೆಯುವುದು, ಇವೆಲ್ಲ ಯಾವ ಶೇಕಡಾಕ್ಕೂ ಸಿಗದವು.

ಮೇಡಂ ಒಂದು ಪ್ರಯತ್ನ ಮಾಡಿದರು. ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದಿದೆ, 1975ರ ಡಿಸೆಂಬರಿನದ್ದು. ಸಿನಿಮಾ ಮಂದಿರದ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡ. ಮಾಲೀಕರು ಇದು ಪೂರ್ತಿ ಅಂಗವಿಕಲತೆ ಅಲ್ಲ ಅಂತ ವಾದಿಸಿದರು. ಕೋರ್ಟು ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ಪಾಲಿಗೆ ನಷ್ಟ ನೂರಕ್ಕೆ ನೂರು ಅಂದಿತು. ನಾನು ಈ ತೀರ್ಪನ್ನು ಎಷ್ಟು ಸಲ ಓದಿಸಿಕೊಂಡೆನೋ. ಬೆರಳಿನ ಪಟ್ಟಿಯ ಆಚೆಗೆ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಅಂತ ನೋಡಿದವರು ಇದ್ದಾರಲ್ಲ ಅಂತ. ಆದರೆ ನಮ್ಮ ಕೇಸಿನಲ್ಲಿ ಅದು ನಡೆಯಲಿಲ್ಲ. ಚಿಕ್ಕಿ ಹಾಳೆ ತೊಳೆಯುವ ಕೆಲಸ, ಎಣಿಸಿ ಕಟ್ಟುವ ಕೆಲಸ ಮಾಡಬಹುದಲ್ಲ ಅಂದರು. 30ಕ್ಕೇ ನಿಂತಿತು.

ತಪ್ಪು ಯಾರದು ಅಂತ ಯಾರೂ ಕೇಳಲಿಲ್ಲ

ಈ ಕಾಯಿದೆಯಲ್ಲಿ ನನ್ನನ್ನು ತುಂಬಾ ಕಾಡಿದ್ದು ಇದು. ಸಾವ್ಕಾರ್ರ ಕಡೆಯವರು ಮೊದಲ ದಿನವೇ "ಅವಳ ಗಮನ ತಪ್ಪಿ ಆದದ್ದು" ಅಂದರು. ಚಿಕ್ಕಿಯೂ ಹೌದು ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಮೇಡಂ ತಲೆಕೆಡಿಸಿಕೊಳ್ಳಲೇ ಇಲ್ಲ. ಕುಡಿದು ಬಂದಿದ್ದಳಾ? ಹೇಳಿದ ನಿಯಮವನ್ನು ಬೇಕಂತಲೇ ಮುರಿದಳಾ? ಯಂತ್ರಕ್ಕಿದ್ದ ರಕ್ಷಣೆಯನ್ನು ಗೊತ್ತಿದ್ದೂ ತೆಗೆದು ಹಾಕಿದಳಾ? ಇಲ್ಲ ತಾನೆ. ರಕ್ಷಣೆ ಅಂತ ಅಲ್ಲಿ ಏನೂ ಇರಲೇ ಇಲ್ಲ. ಹಾಗಾದರೆ ಗಮನ ತಪ್ಪಿದ್ದು ಲೆಕ್ಕಕ್ಕಿಲ್ಲ. ಮಾಲೀಕನ ತಪ್ಪಿತ್ತು ಅಂತಲೂ ತೋರಿಸಬೇಕಾಗಿಲ್ಲ. ಕೆಲಸದಲ್ಲಿ, ಕೆಲಸದಿಂದಾಗಿ ಪೆಟ್ಟಾಯಿತು, ಅಷ್ಟು ಸಾಕು.

ಅಂದರೆ ಇದು ಜಗಳವೇ ಅಲ್ಲ. ಕೇಸು ಅಂದ ಕೂಡಲೇ ನಮ್ಮ ಕಡೆ ಜನ ಬೇಲಿ ವ್ಯಾಜ್ಯ, ಗಡಿಕಲ್ಲು, ಮೂರು ತಲೆಮಾರಿನ ಹಗೆ ಅಂತ ತಿಳಿಯುತ್ತಾರೆ. ಮಾತು ಬಿಡುವುದು, ಮದುವೆಗೆ ಕರೆಯದಿರುವುದು. ಈ ಕಾಯಿದೆ ಮಾಡಿದವರು ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ನಿರ್ಧರಿಸುವ ಗೋಜಿಗೇ ಹೋಗಲಿಲ್ಲ. ನಮ್ಮ ಸಾವ್ಕಾರ್ರು ಒಳ್ಳೆಯವರಾಗಿಯೇ ಇದ್ದುಕೊಂಡು ಹಣ ಕಟ್ಟಬಹುದಿತ್ತು. ಇನ್ನೂ ಒಂದು. ಅವರು ಕಾರ್ಮಿಕರ ವಿಮೆ ಮಾಡಿಸಿದ್ದರೆ ಆ ಎರಡು ಲಕ್ಷ ವಿಮಾ ಕಂಪನಿಯಿಂದ ಬರುತ್ತಿತ್ತು. ವಿಚಾರಿಸಿದರೆ ಪ್ರೆಸ್ಸುಗಳಿಗೆ ಬೆಂಕಿ ವಿಮೆ ಇತ್ತು. ಬ್ಯಾಂಕಿನವರು ಕೇಳಿದ್ದರಿಂದ ಮಾಡಿಸಿದ್ದು. ಪೆಡಲ್ ಒತ್ತುವವರ ಬಗ್ಗೆ ಬ್ಯಾಂಕೂ ಕೇಳಲಿಲ್ಲ, ಅವರಿಗೂ ಹೊಳೆಯಲಿಲ್ಲ.

ರಾಜಿ ಮಾಡಿಕೊಳ್ಳಬೇಡಿ ಅಂತಲೂ ಕಾಯಿದೆ ಹೇಳುತ್ತಿರಲಿಲ್ಲ. ಇಬ್ಬರೂ ಒಪ್ಪಿದ ಮೊತ್ತ ಇದ್ದರೆ ಆ ಒಪ್ಪಂದವನ್ನು ಆಯುಕ್ತರಿಗೆ ಕಳಿಸಿ ನೋಂದಾಯಿಸಬೇಕಿತ್ತು, ಮೊತ್ತ ತೀರಾ ಕಡಿಮೆ ಇದ್ದರೆ ಅವರು ಒಪ್ಪದೇ ಇರಬಹುದಿತ್ತು. ಜಗಲಿಯ ಮೇಲೆ ಬರೆದದ್ದನ್ನು ಒಂದು ಸಲ ಕೋರ್ಟಿನ ಮೇಜಿನ ಮೇಲೂ ಇಡಿ ಅಂತಷ್ಟೇ.

ನಲವತ್ತು ಸಾವಿರದ ಋಣ

ವಿಚಾರಣೆಯ ದಿನ ಎದುರು ವಕೀಲರು ನಲವತ್ತು ಸಾವಿರ ಕೊಟ್ಟದ್ದು ಹೌದೋ ಅಲ್ಲವೋ ಅಂತ ಚಿಕ್ಕಿಯನ್ನು ಕೇಳಿದರು. "ಹೌದು" ಅಂದಳು. ಅಷ್ಟಕ್ಕೇ ನಿಲ್ಲಿಸದೆ "ಆಸ್ಪತ್ರೆಗೂ ಅವರೇ ಕಟ್ಟಿದ್ದು, ಕಾರಲ್ಲಿ ಅವರೇ ಕರ್ಕೊಂಡು ಹೋದದ್ದು" ಅಂತ ಸೇರಿಸಿದಳು. ಮೇಡಂ ಫೈಲಿನಲ್ಲಿ ಮುಖ ಹುದುಗಿಸಿದರು.

ಆದರೆ 1923ರ ಆ ಕಾಯಿದೆಯಲ್ಲಿ ಒಂದು ವಿಚಿತ್ರ ಕಲಮು ಇತ್ತು, ಎಂಟನೆಯದು. ಹೆಂಗಸರಿಗೆ ಕೊಡುವ ಇಡಿಗಂಟಿನ ಪರಿಹಾರವನ್ನು ಆಯುಕ್ತರ ಹತ್ತಿರ ಠೇವಣಿ ಇಟ್ಟೇ ಕೊಡಬೇಕಿತ್ತು. ಮಾಲೀಕ ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರ ಅಂತ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗಂಡಸರಿಗೆ ಈ ಮಾತಿರಲಿಲ್ಲ. ನೂರು ವರ್ಷದ ಹಿಂದಿನವರು ಹೆಂಗಸಿಗೆ ದುಡ್ಡು ನೋಡಿಕೊಳ್ಳಲು ಬರುವುದಿಲ್ಲ ಅಂದುಕೊಂಡು ಬರೆದದ್ದು ಅಂತ ಕಾಣುತ್ತದೆ. ಸಂಘದ ಲೆಕ್ಕ ಒಂದು ಪೈಸೆ ತಪ್ಪದೆ ಬರೆಯುತ್ತಿದ್ದ ಚಿಕ್ಕಿಗೆ ಇದನ್ನು ವಿವರಿಸಿದಾಗ "ಹೌದನಾ, ನಮಗೆ ಲೆಕ್ಕ ಬರೂದಿಲ್ಲ ಅಂತನಾ?" ಅಂತ ಸಿಟ್ಟಾದಳು. ಅವಮಾನದ ಆ ಕಲಮೇ ಅವಳನ್ನು ಕಾಯಿತು. 2023ರ ಮಾರ್ಚ್‌ನಲ್ಲಿ ಆದೇಶ ಬಂತು, ನಲವತ್ತು ಸಾವಿರ ಕಳೆಯಲಿಲ್ಲ, ಬಡ್ಡಿಯೂ ಸೇರಿತು. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯಿದೆಯಲ್ಲಿತ್ತು, ಎರಡೂವರೆ ವರ್ಷ ಹಿಡಿಯಿತು. ಕೊರೊನಾ ಸ್ವಲ್ಪ ತಿಂದಿತು, ಡಾಕ್ಟರ ಸಾಕ್ಷಿಗೆ ಕಾದದ್ದು ಸ್ವಲ್ಪ. ಎದುರಿನವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುತ್ತಾರೆ ಅಂತ ಸುದ್ದಿ ಇತ್ತು. ಹೋಗಬೇಕಾದರೆ ಆದೇಶದ ಹಣವನ್ನು ಮೊದಲು ಠೇವಣಿ ಇಡಬೇಕಿತ್ತು. ಹೋಗಲಿಲ್ಲ.

ಹಣದಲ್ಲಿ ಒಂದು ಭಾಗ ಅವಳ ಹೆಸರಿಗೆ ಬ್ಯಾಂಕಿನಲ್ಲಿ ಡಿಪಾಸಿಟ್ ಆಯಿತು, ಉಳಿದದ್ದು ಖಾತೆಗೆ ಬಂತು. ಮಗಳ ನರ್ಸಿಂಗ್ ಫೀ ಕಟ್ಟಿದಳು. ಮನೆಯ ಹಂಚು ಸರಿಮಾಡಿಸಿದಳು. ಸಾವ್ಕಾರ್ರ ಮನೆಯವರು ಈಗ ದಾರಿಯಲ್ಲಿ ಸಿಕ್ಕರೆ ಬೇರೆ ಕಡೆ ನೋಡುತ್ತಾರೆ, ಚೌತಿಗೆ ಕರೆಯುವುದಿಲ್ಲ. ಘಟಕ ನಡೆಯುತ್ತಿದೆ. ಪ್ರೆಸ್ಸುಗಳಿಗೆ ಎರಡು ಕೈಯಲ್ಲೂ ಒತ್ತಿದರೆ ಮಾತ್ರ ಇಳಿಯುವ ಗುಂಡಿ ಹಾಕಿಸಿದ್ದಾರೆ ಅಂತ ಕೇಳಿದೆ.

ಚಿಕ್ಕಿ ಮಾತ್ರ ಇವತ್ತಿಗೂ "ಆ ನಲವತ್ತು ಸಾವಿರ ಅವರದ್ದು ಮಾರಾಯ, ಕೋರ್ಟು ಎಂತ ಬೇಕಾದ್ರೂ ಹೇಳ್ಲಿ" ಅನ್ನುತ್ತಾಳೆ. ಈ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ. ನಿನ್ನ ಅಡಿಕೆ ಸುಲಿಯುವ ಕೂಲಿ ಅವರು ಕೊಟ್ಟರಾ ಅಂತ ನಾನು, ರಾತ್ರಿಯಿಡೀ ಬೆಂಚಿನ ಮೇಲೆ ಕೂತದ್ದಕ್ಕೆ ಎಷ್ಟು ಶೇಕಡಾ ಹಾಕ್ತೀ ಅಂತ ಅವಳು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕುಮಟಾದಿಂದ ಬಂದ ಭಾವನಿಗೆ ಇದನ್ನೆಲ್ಲ ಹೇಳಲಿಲ್ಲ, ಅಷ್ಟು ಹೊತ್ತೂ ಇರಲಿಲ್ಲ. ಬಾಂಡ್ ಪೇಪರನ್ನು ಕೈಗೆ ತೆಗೆದುಕೊಂಡೆ, ಪೆನ್ನು ತೆಗೆಯಲಿಲ್ಲ. ತಮ್ಮನಿಗೆ ದಿನಕ್ಕೆ ಎಷ್ಟು ಕೂಲಿ ಅಂತ ಕೇಳಿದೆ. ವಯಸ್ಸು ಕೇಳಿದೆ. ಕ್ವಾರಿಯಲ್ಲಿ ಅವತ್ತು ಯಾರ್ಯಾರಿದ್ದರು, ಆಸ್ಪತ್ರೆಯ ಚೀಟಿಯಲ್ಲಿ ಪೆಟ್ಟು ಹೇಗಾಯಿತು ಅಂತ ಬರೆದಿದ್ದಾರೆ, ಅದನ್ನು ಓದಿದ್ದೀರಾ ಅಂತ ಕೇಳಿದೆ. ಲೇಬರ್ ಕಾರ್ಡ್ ಇದೆ, ಅದರಲ್ಲೇ ಬರುತ್ತದಂತಲ್ಲ ಅಂದರು. ಅದು ಬೇರೆ, ಇದು ಬೇರೆ ಅಂದೆ. ಹಳೆಯ ಕಾಯಿದೆ ಈಗ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಅದಕ್ಕೇ ನನ್ನ ಬಾಯಿಲೆಕ್ಕ ನಂಬಬೇಡಿ, ಕುಮಟಾ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯ ಕೋಣೆ ಎಲ್ಲಿ ಅಂತ ಕೇಳಿಕೊಂಡು ಹೋಗಿ, ಇಲ್ಲವಾದರೆ 15100ಕ್ಕೆ ಫೋನ್ ಮಾಡಿ ಅಂದೆ. ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಅವರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಕ್ವಾರಿಯವರು ನಮ್ಮ ಪೈಕಿಯವರೇ" ಅಂದರು. "ಅಡ್ಡಿಲ್ಲ, ಮನೇಲಿ ಕೇಳಿ ನೋಡ್ತೆ." ಬಾಂಡ್ ಪೇಪರನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡು ಎದ್ದರು. ಏಳು ಗಂಟೆಯ ಬಸ್ಸಿಗೆ ಹೋಗಬೇಕಿತ್ತು. ಚಾ ಅರ್ಧ ಲೋಟ ಹಾಗೇ ಉಳಿದಿತ್ತು. ಆಮೇಲೆ ಫೋನ್ ಬಂದಿಲ್ಲ. ಬೇರೆ ಯಾರ ಹತ್ತಿರವಾದರೂ ಬರೆಸಿಕೊಂಡರೋ ಏನೋ ಅಂತ ಅಟೆಂಡರ್‌ನನ್ನು ಕೇಳಬೇಕು ಅಂದುಕೊಳ್ಳುತ್ತೇನೆ, ದಿನಾ ಎದುರಿಗೇ ಸಿಗುತ್ತಾನೆ.